ಬೆರಳಿಗೆ ಸಿಗದೆ ಜಿಗಿಯುವ ಪಟ್ಟಿ: ಆಪ್ ಸರಿಪಡಿಸುವುದು ಹೇಗೆ?

ದುಧನಿ: ಅಕ್ಕಲಕೋಟ ತಾಲೂಕಿನ ದುಧನಿ ಮಾರುಕಟ್ಟೆಗೆ ತೊಗರಿ ತರುವ ರೈತರು ಮನೆ ಬಿಡುವ ಮೊದಲೇ ಮೊಬೈಲಿನಲ್ಲಿ ದರ ನೋಡಬಹುದು. ಪಟ್ಟಿಯಲ್ಲಿ ಒಂದೊಂದು ಮಾರುಕಟ್ಟೆಗೆ ಒಂದೊಂದು ಸಾಲು, ಕ್ವಿಂಟಲ್‌ಗೆ ಕನಿಷ್ಠ ಮತ್ತು ಗರಿಷ್ಠ ದರ. ಆದರೆ ಬೆರಳಿನಿಂದ ಸರಿಸುವಾಗ ಪಟ್ಟಿ ತಡೆ ತಡೆದು ಓಡಿದರೆ, ಓದುತ್ತಿರುವಾಗಲೇ ಸಾಲು ಜಿಗಿದರೆ, ದುಧನಿಯದೆಂದು ಓದಿದ ದರ ಕಲಬುರಗಿಯದಾಗಿರಬಹುದು. ಗಾಡಿ ಬಾಡಿಗೆ ಕೊಟ್ಟು ಮಾಲು ತಂದ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ?

ಆಂಡ್ರಾಯ್ಡ್ ಆಪ್ ಬರೆಯುವ ನಮ್ಮ ಭಾಗದ ಯುವಕ ಯುವತಿಯರಿಗೆ ಉಪಯೋಗವಾಗಲೆಂದು ಈ ಮಾಹಿತಿ.

ತಪ್ಪು ಫೋನಿನದೋ, ಆಪ್‌ನದೋ?

ಫೋನಿನ ಎಲ್ಲ ಆಪ್‌ಗಳೂ ತಡವರಿಸಿದರೆ ಮೆಮೊರಿ ತುಂಬಿರಬಹುದು. ಒಂದೇ ಆಪ್ ತಡವರಿಸಿದರೆ ದೋಷ ಆ ಆಪ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಇದನ್ನು ಕಣ್ಣಾರೆ ನೋಡಲು ದಾರಿಯಿದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಪ್ರೊಫೈಲ್ ಎಚ್‌ಡಬ್ಲ್ಯುಯುಐ ರೆಂಡರಿಂಗ್ ಎಂಬುದನ್ನು ಆನ್ ಮಾಡಿದರೆ ಪರದೆಯ ಮೇಲೆ ಬಣ್ಣದ ಕಂಬಗಳು ಕಾಣುತ್ತವೆ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್ ಮಾತ್ರ. ಹಸಿರು ಗೆರೆ ದಾಟಿದ ಪ್ರತಿ ಕಂಬವೂ ಸಮಯ ಮೀರಿದ ಕೆಲಸ.

ಊಟದ ಪಂಕ್ತಿಯ ಲೆಕ್ಕ

ಮದುವೆಗೆ ಸಾವಿರ ಜನ ಬಂದರೂ ಸಾವಿರ ಮಣೆ ಹಾಕುವುದಿಲ್ಲ. ಒಂದು ಪಂಕ್ತಿ ಎದ್ದ ಮೇಲೆ ಅದೇ ಜಾಗದಲ್ಲಿ ಮುಂದಿನವರು ಕೂಡುತ್ತಾರೆ. 2014ರಲ್ಲಿ ಗೂಗಲ್ ತಂದ ರಿಸೈಕ್ಲರ್‌ವ್ಯೂ ಕೂಡ ಹೀಗೆಯೇ. ಮೇಲೆ ಮರೆಯಾದ ಸಾಲನ್ನೇ ಕೆಳಗೆ ಹೊಸ ಮಾಹಿತಿ ತುಂಬಿ ಬಳಸುತ್ತದೆ. ಆದರೆ ಇದನ್ನು ಇನ್ನೊಂದು ಸ್ಕ್ರೋಲ್ ಆಗುವ ಪುಟದೊಳಗೆ ಪೂರ್ಣ ಎತ್ತರ ಕೊಟ್ಟು ಇಟ್ಟರೆ ಎಲ್ಲ ಸಾಲುಗಳೂ ಒಟ್ಟಿಗೆ ತಯಾರಾಗುತ್ತವೆ, ಉಳಿತಾಯವೆಲ್ಲ ಹೋಗುತ್ತದೆ. ಹೀಗೆ ಇಡಬೇಡಿ. ಮೇಲಿನ ಶೀರ್ಷಿಕೆ ಭಾಗವನ್ನೂ ಪಟ್ಟಿಯ ಮೊದಲ ಸಾಲಾಗಿಸಿ.

ಮಣೆ ಹಳೆಯದೇ ಆದ್ದರಿಂದ ಹಿಂದಿನವರ ಎಲೆ ಎತ್ತಲೇಬೇಕು. ಪ್ರತಿ ಸಾಲಿಗೂ ಹೆಸರು, ದರ, ಚಿತ್ರ ಎಲ್ಲವನ್ನೂ ಹೊಸದಾಗಿ ತುಂಬಿ. ಇಲ್ಲದಿದ್ದನ್ನು ಖಾಲಿ ಮಾಡಿ. ಇಲ್ಲವಾದರೆ ಉದ್ದಿನ ಸಾಲಿನಲ್ಲಿ ತೊಗರಿಯ ಚಿತ್ರ ಕಾಣಿಸುತ್ತದೆ.

ಭಾರದ ಕೆಲಸ ಬೇರೆಡೆ

ಸಾಲು ತುಂಬುವ ಹೊತ್ತಿನಲ್ಲಿ ಡೇಟಾಬೇಸ್ ಓದುವುದು, ದೊಡ್ಡ ಫೋಟೊ ಬಿಚ್ಚುವುದು ಬೇಡ. ಈ ಕೆಲಸಗಳನ್ನು ಹಿನ್ನೆಲೆ ಥ್ರೆಡ್‌ಗೆ ಕೊಡಿ. ಫೋಟೊವನ್ನು ಕಾಣಿಸುವಷ್ಟೇ ಅಳತೆಗೆ ಇಳಿಸಿ. ಪಟ್ಟಿ ಉದ್ದವಿದ್ದರೆ ಸ್ವಲ್ಪ ಸ್ವಲ್ಪವೇ ತರಿಸಿ.

ಜಿಗಿತಕ್ಕೆ ಕಾರಣ

ಒಂದು ದರ ಬದಲಾದರೂ ಇಡೀ ಪಟ್ಟಿಯನ್ನೇ ಹೊಸದಾಗಿ ಬರೆಸುವುದು ಸಾಮಾನ್ಯ ತಪ್ಪು. 2016ರಲ್ಲಿ ಬಂದ ಡಿಫ್‌ಯುಟಿಲ್ ಹಳೆಯ, ಹೊಸ ಪಟ್ಟಿಗಳನ್ನು ಹೋಲಿಸಿ ಬದಲಾದ ಸಾಲನ್ನಷ್ಟೇ ತಿದ್ದುತ್ತದೆ. ಕಂಪೋಸ್ ಬಳಸುವವರು ಲೇಜಿಕಾಲಮ್‌ನ ಪ್ರತಿ ಸಾಲಿಗೂ ಬದಲಾಗದ ಕೀ ಕೊಡಬೇಕು. ಚಿತ್ರ ಬರುವ ಮೊದಲೇ ಅದಕ್ಕೆ ಜಾಗ ಕಾಯ್ದಿರಿಸಿದರೆ ಸಾಲು ಕೆಳಗೆ ತಳ್ಳಲ್ಪಡುವುದಿಲ್ಲ.

ಕನ್ನಡದ ಒತ್ತಕ್ಷರ

ಇಂಗ್ಲಿಷ್ ನೋಡಿ ಸಾಲಿನ ಎತ್ತರ ಕಟ್ಟಿಹಾಕಿದರೆ ಕನ್ನಡದ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. ಅಕ್ಕಲಕೋಟ ಹೋಗಿ ಅಕಲಕೋಟ ಆಗುತ್ತದೆ. ಎತ್ತರ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಅಕ್ಷರಗಳನ್ನು ಕೂಡಿಸಿ ಒತ್ತು ಕಟ್ಟುವುದಕ್ಕೂ ಸಮಯ ಬೇಕು. 2018ರ ಆಂಡ್ರಾಯ್ಡ್ 9ರಲ್ಲಿ ಬಂದ ಪ್ರಿಕಂಪ್ಯೂಟೆಡ್‌ಟೆಕ್ಸ್ಟ್ ಉದ್ದ ಬರಹದ ಅಳತೆಯನ್ನು ಹಿನ್ನೆಲೆಯಲ್ಲೇ ಮುಗಿಸಿಕೊಡುತ್ತದೆ.

ಕೊನೆಗೆ, ಪರೀಕ್ಷೆಯನ್ನು ನಿಮ್ಮ ದುಬಾರಿ ಫೋನಿನಲ್ಲಿ ಮಾಡಬೇಡಿ. ಡಿಬಗ್ ಆವೃತ್ತಿ ಸಹಜವಾಗಿಯೇ ನಿಧಾನ, ಹಾಗಾಗಿ ರಿಲೀಸ್ ಆವೃತ್ತಿಯನ್ನೇ ಹಾಕಿ. ನಾಲ್ಕೈದು ವರ್ಷ ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ 500 ಸಾಲು ತುಂಬಿ, ಜೋರಾಗಿ ಸರಿಸಿ ನೋಡಿ. ರೈತರ ಕೈಯಲ್ಲಿರುವುದು ಅಂಥ ಫೋನೇ. ಅದರಲ್ಲಿ ಸಾಲು ನಿಂತರೆ ದರವೂ ಸರಿಯಾಗಿ ಓದಲು ಸಿಗುತ್ತದೆ.