ಹಸು ಗಬ್ಬ ನಿಂತಿದೆಯಾ? ರಕ್ತ ಪರೀಕ್ಷೆ ಏನು ಹೇಳುತ್ತೆ

ಕೃತಕ ಗರ್ಭಧಾರಣೆ ಮಾಡಿಸಿ 21 ದಿನ ಆಯ್ತು, ಹಸು ಮತ್ತೆ ಬೆದೆಗೆ ಬರಲಿಲ್ಲ. ಹಾಗಾದ್ರೆ ಗಬ್ಬ ನಿಂತಿದೆ ಅಂತ ಲೆಕ್ಕ ಹಾಕಬಹುದಾ? ನಮ್ಮೂರಿನ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಹಾಕಬೇಡಿ ಅಂತಲೇ ನಾನು ಹೇಳೋದು. ಮೂಕ ಬೆದೆಯಲ್ಲಿ ಹಸು ಕೂಗುವುದೂ ಇಲ್ಲ, ಹಾರುವುದೂ ಇಲ್ಲ.

ವರ್ಷಕ್ಕೊಂದು ಕರು ಬೇಕಂದ್ರೆ ಗಬ್ಬದ ಸುಮಾರು 280 ದಿನ ಕಳೆದು ಕೈಯಲ್ಲಿ ಉಳಿಯೋದು 85 ದಿನ. ಅದರಲ್ಲಿ ಮೊದಲ 50-60 ದಿನ ಗರ್ಭಕೋಶ ಸುಧಾರಿಸಿಕೊಳ್ಳಲು ಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಹಿಂಡಿ ದಂಡ.

ಮೆಡಿಕಲ್ ಶಾಪಿನಲ್ಲಿ ಹೆಂಗಸರಿಗೆ ಸಿಗುವ ಕಿಟ್ ಇಲ್ಲಿ ನಡೆಯಲ್ಲ. ಅದು ಹುಡುಕುವ ಹೆಚ್‌ಸಿಜಿ ಹಾರ್ಮೋನು ಹಸುವಿನಲ್ಲಿ ತಯಾರಾಗುವುದೇ ಇಲ್ಲ. ಹಸುವಿಗೆ ಎರಡು ಬೇರೆ ಪರೀಕ್ಷೆಗಳಿವೆ.

ಪ್ರೊಜೆಸ್ಟರಾನ್, 21ರಿಂದ 24ನೇ ದಿನ: ಬೆದೆಯ ನಂತರ ಅಂಡಾಶಯದಲ್ಲಿ ಬೆಳೆಯುವ ಹಳದಿ ಗಂಟು ಈ ಹಾರ್ಮೋನು ಸುರಿಸುತ್ತದೆ. ಗಬ್ಬ ನಿಲ್ಲದಿದ್ದರೆ ಗಂಟು ಕರಗಿ ಮಟ್ಟ ಕುಸಿಯುತ್ತದೆ. ಹಾಗಾಗಿ ಮಟ್ಟ ಕಡಿಮೆ ಬಂದರೆ ಗಬ್ಬ ಇಲ್ಲ ಅಂತ ಹೆಚ್ಚುಕಡಿಮೆ ಖಚಿತ. ಜಾಸ್ತಿ ಬಂದರೆ ಮಾತ್ರ ಆತುರಪಡಬೇಡಿ. ಬೆದೆ ದಿನ ಹಿಂದುಮುಂದಾದರೂ, ಗರ್ಭಕೋಶದಲ್ಲಿ ಕೀವು ತುಂಬಿದ್ದರೂ ಮಟ್ಟ ಜಾಸ್ತಿಯೇ ಇರುತ್ತದೆ.

ಪಿಎಜಿ, 28ನೇ ದಿನದ ನಂತರ: ಇದು ಕರುವಿನ ಮಾಸಿನಿಂದ ತಾಯಿಯ ರಕ್ತಕ್ಕೆ ಬರುವ ಪ್ರೋಟೀನು, ಹಾರ್ಮೋನಲ್ಲ. ಹೀಗಾಗಿ ನಂಬಿಕೆ ಜಾಸ್ತಿ. ಆದರೆ ಹಿಂದಿನ ಕರುವಿನದ್ದು ಎರಡು-ಮೂರು ತಿಂಗಳು ರಕ್ತದಲ್ಲೇ ಉಳಿದಿರುತ್ತದೆ. ಕರು ಹಾಕಿದ ದಿನಾಂಕವನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಯಾವ ಪರೀಕ್ಷೆಯಲ್ಲಿ ಗಬ್ಬ ಅಂತ ಬಂದರೂ 60 ದಿನ ದಾಟಿದ ಮೇಲೆ ಪಶುವೈದ್ಯರಿಂದ ಕೈ ಹಾಕಿಸಿ ನೋಡಿಸಿ. ಮೊದಲ ತಿಂಗಳುಗಳಲ್ಲಿ ಭ್ರೂಣ ಸದ್ದಿಲ್ಲದೆ ಸತ್ತುಹೋಗುವುದುಂಟು.

ಇನ್ನೊಂದು ಮುಖ್ಯ ಮಾತು. ಹಸು ಬೆದೆಗೆ ಬರಲಿಲ್ಲ ಅಂತ ಪರೀಕ್ಷೆ ಮಾಡಿಸದೆ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೊಡಿಸಬೇಡಿ. ಅದು ಹಳದಿ ಗಂಟನ್ನೇ ಕರಗಿಸುತ್ತದೆ. ಗಬ್ಬದ ಹಸುವಾದರೆ ಕಂದು ಹಾಕುತ್ತದೆ.

ರಕ್ತ ಎಲ್ಲಿ ಪರೀಕ್ಷೆ ಆಗುತ್ತದೆ, ಎಷ್ಟು ಖರ್ಚು ಅಂತ ನಿಮ್ಮ ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಗರ್ಭಧಾರಣೆ ಮಾಡಿಸಿದ ದಿನವೇ ಮೊಬೈಲಿನಲ್ಲಿ 21, 28, 60ನೇ ದಿನಕ್ಕೆ ಅಲಾರಂ ಇಡಿ. ನಾನು ಮಾಡೋದೂ ಅಷ್ಟೇ.