ಮೂಲವರ್ಗದ ಆಜ್ಞೆಯೂ ಉಪವರ್ಗದ ರೀತಿಯೂ

ಪುಷ್ಕರಣಿಯಿಂದ ಪ್ರಖ್ಯಾತವಾದ ಸಂತೇಬೆನ್ನೂರಿನ ಸುತ್ತಣ ತೋಟಗಳಲ್ಲಿ, ಬಲಿತು ಹಣ್ಣಾಗುವ ಮೊದಲೇ ಕೊಯ್ದ ಹಸಿ ಅಡಿಕೆಯನ್ನು ಸುಲಿದು, ಹಂಡೆಯಲ್ಲಿ ಚೊಗರು ಸೇರಿಸಿ ಬೇಯಿಸಿ, ಬಿಸಿಲಿಗೆ ಹರವಿ ಕೆಂಪಡಿಕೆಯನ್ನಾಗಿಸುವರು. ದಕ್ಷಿಣ ಕನ್ನಡದವರಾದರೋ ಅದನ್ನೇ ಮರದಲ್ಲಿ ಹಣ್ಣಾಗಗೊಟ್ಟು, ಸಿಪ್ಪೆಸಹಿತ ಅಂಗಳದಲ್ಲಿ ತಿಂಗಳಿಗೂ ಮೀರಿ ಒಣಗಿಸಿ, ಅನಂತರ ಸುಲಿದು ಚಾಲಿ ಮಾಡುವರು. ಕಾರ್ಯದ ಹೆಸರು ಸಂಸ್ಕರಣೆಯೆಂದು ಒಂದೇ ಆದರೂ ಕ್ರಮ ಬೇರೆ.

ಈ ವ್ಯವಹಾರದ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪ್ರೋಗ್ರಾಮರನು 'ಅಡಿಕೆ'ಯೆಂಬ ಮೂಲವರ್ಗವೊಂದನ್ನು ರಚಿಸಿ, ಅದರಲ್ಲಿ 'ತೂಗು', 'ಸಂಸ್ಕರಿಸು' ಎಂಬ ಮೆಥಡ್‌ಗಳನ್ನಿಡುತ್ತಾನೆನ್ನೋಣ. 'ಕೆಂಪಡಿಕೆ', 'ಚಾಲಿ' ಎಂಬ ಉಪವರ್ಗಗಳು 'ತೂಗು'ವನ್ನು ಮೂಲವರ್ಗದಿಂದ ಪಿತ್ರಾರ್ಜಿತವೆಂಬಂತೆ ಹಾಗೆಯೇ ಪಡೆದು, 'ಸಂಸ್ಕರಿಸು'ವನ್ನು ಮಾತ್ರ ಅದೇ ಹೆಸರಿನಿಂದ ತಮ್ಮದೇ ರೀತಿಯಲ್ಲಿ ಪುನಃ ಬರೆದುಕೊಳ್ಳುತ್ತವೆ. ಇದೇ ಮೆಥಡ್ ಓವರ್‌ರೈಡಿಂಗ್. ಇದರ ನಿಜವಾದ ಸೊಗಸು ಕರೆಯುವವನ ಅಜ್ಞಾನದಲ್ಲಿದೆ: ದಾಸ್ತಾನಿನ ಪಟ್ಟಿಯನ್ನು ಓದುತ್ತ ಒಂದೊಂದು ವಸ್ತುವಿಗೂ 'ಸಂಸ್ಕರಿಸು' ಎಂದು ಆಜ್ಞಾಪಿಸುವ ಪ್ರೋಗ್ರಾಮಿನ ಭಾಗಕ್ಕೆ, ಎದುರಿಗಿರುವುದು ಯಾವ ಜಾತಿಯದೆಂದು ತಿಳಿಯಬೇಕಾಗಿಲ್ಲ; ನಾಳೆ ಮೂರನೆಯ ಉಪವರ್ಗ ಬಂದು ಸೇರಿದರೂ ಆ ಭಾಗದ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಯಂತ್ರವು ಇದನ್ನು ಸಾಧಿಸುವ ಬಗೆ ಸರಳವಾದುದು. ಸಿ++ ಭಾಷೆಯ ಕಂಪೈಲರ್‌ಗಳು ಸಾಮಾನ್ಯವಾಗಿ ಇಂತಹ ಪ್ರತಿಯೊಂದು ವರ್ಗಕ್ಕೂ, ಅದರ ಮೆಥಡ್‌ಗಳು ಸ್ಮೃತಿಯಲ್ಲಿ ಎಲ್ಲಿವೆಯೆಂಬ ವಿಳಾಸಗಳ ಕೋಷ್ಟಕವೊಂದನ್ನು ಸಿದ್ಧಪಡಿಸುತ್ತವೆ. ಪ್ರತಿ ವಸ್ತುವೂ ತನ್ನ ವರ್ಗದ ಕೋಷ್ಟಕದ ಸುಳುಹನ್ನು ಹೊತ್ತಿರುತ್ತದೆ. ಕರೆ ಬಂದ ಕ್ಷಣದಲ್ಲಿ ಆ ಕೋಷ್ಟಕವನ್ನು ನೋಡಿ, ಅಲ್ಲಿರುವ ವಿಳಾಸಕ್ಕೆ ನೆಗೆಯುವುದಷ್ಟೇ ಕೆಲಸ. ನಿರ್ಧಾರವನ್ನು ಪ್ರೋಗ್ರಾಮು ಓಡುವ ಹೊತ್ತಿನವರೆಗೆ ಮುಂದೂಡಿದುದಕ್ಕೆ ತೆರುವ ಬೆಲೆ ಇಷ್ಟೇ ಅಲ್ಪವಾದುದು.

ಈ ಕಲ್ಪನೆ ಮೊದಲು ಮೈದಳೆದುದು ನಾರ್ವೆಯ ಓಸ್ಲೋ ನಗರದಲ್ಲಿ, ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ. ವಾಸ್ತವ ಜಗತ್ತಿನ ವ್ಯವಸ್ಥೆಗಳನ್ನು ಗಣಕದಲ್ಲಿ ಅನುಕರಿಸಿ ನೋಡಲು ಹೊರಟವರಿಗೆ, ಒಂದೇ ಸಾಮಾನ್ಯ ವರ್ಗದ ಸದಸ್ಯರು ಒಂದೇ ಕರೆಗೆ ಬೇರೆಬೇರೆಯಾಗಿ ವರ್ತಿಸುವುದು ಅನಿವಾರ್ಯವಾಗಿತ್ತು. 2001ರ ಟ್ಯೂರಿಂಗ್ ಪ್ರಶಸ್ತಿ ಇವರಿಬ್ಬರಿಗೂ ಸಂದಿತು. ಮರುವರ್ಷವೇ ಇಬ್ಬರೂ ಕಾಲವಾದರು.

ಸ್ವಾತಂತ್ರ್ಯಕ್ಕೂ ಒಂದು ಮೇರೆಯುಂಟು. ಉಪವರ್ಗವು ರೀತಿಯನ್ನು ಬದಲಿಸಬಹುದೇ ಹೊರತು ಮೂಲವರ್ಗವು ಕೊಟ್ಟ ವಚನವನ್ನಲ್ಲ: ಒಣ ಅಡಿಕೆಯ ತೂಕವನ್ನು ಹಿಂದಿರುಗಿಸಬೇಕಾದ 'ಸಂಸ್ಕರಿಸು', ಒಂದು ಉಪವರ್ಗದಲ್ಲಿ ಹಸಿ ಅಡಿಕೆಯ ತೂಕವನ್ನು ಕೊಟ್ಟರೆ ಲೆಕ್ಕವೆಲ್ಲ ಕೆಟ್ಟಿತು. ಗಣಕವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲಿ ಎತ್ತಿಹೇಳಿದ ಈ ನಿಯಮವನ್ನು ಮೀರುವ ಓವರ್‌ರೈಡಿಂಗ್‌ಗಿಂತ ಅದಿಲ್ಲದಿರುವುದೇ ಲೇಸೆಂದು ನನ್ನ ಮತ.

ಇದಕ್ಕಿಂತ ಸಣ್ಣದೂ ಹೆಚ್ಚು ಕಪಟಿಯೂ ಆದ ತೊಡಕು ಕಾಗುಣಿತದ್ದು. ಉಪವರ್ಗದಲ್ಲಿ 'ಸಂಸ್ಕರಿಸು' ಎಂಬುದಕ್ಕೆ 'ಸಂಸ್ಕರಿಸೂ' ಎಂದು ದೀರ್ಘವೆಳೆದರೆ ಕಂಪೈಲರ್ ಅದನ್ನು ಹೊಸ ಮೆಥಡ್ ಎಂದೇ ತಿಳಿದು ಸುಮ್ಮನಾಗುತ್ತದೆ. ಓಡುವಾಗ ಮೂಲವರ್ಗದ ಹಳೆಯ ಕ್ರಮವೇ ನಡೆಯುತ್ತದೆ. ಇದಕ್ಕೆಂದೇ 2004ರ ಜಾವಾ 5 ಆವೃತ್ತಿ '@ಓವರ್‌ರೈಡ್' ಎಂಬ ಗುರುತನ್ನು ತಂದಿತು. ಅದಿದ್ದಲ್ಲಿ ಹೆಸರು ಹೊಂದದಿದ್ದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಜಾವಾ ಕಲಿಯುತ್ತಿರುವ ತರುಣರು, ಕಡ್ಡಾಯವಲ್ಲವೆಂಬ ನೆವದಿಂದ ಆ ಒಂದು ಸಾಲನ್ನು ಬಿಡದಿರಲಿ.