ಮೊದಲು ಸಿಗ್ನಲ್ಲು, ಆಮೇಲೆ ಸೆಟ್ಟು!

ಹೊಸ ಮೊಬೈಲ್ ಕೊಳ್ಳುವ ಸಂಭ್ರಮದಲ್ಲಿ ಕ್ಯಾಮೆರಾ ನೋಡ್ತೀವಿ, ಬಣ್ಣ ನೋಡ್ತೀವಿ, ಆಫರ್ ನೋಡ್ತೀವಿ. ಆದರೆ ಅಡುಗೆಮನೆಯಲ್ಲಿ ಟವರ್ ಸಿಗುತ್ತಾ, ನಂಬರ್ ಯಾರ ಹೆಸರಲ್ಲಿದೆ ಅಂತ ನೋಡೋದೇ ಇಲ್ಲ. ಎಡವೋದು ಅಲ್ಲೇ!

"ಅಕ್ಕಾ, ನನ್ನ ಪಿಎಫ್ ದುಡ್ಡು ನನ್ನದೇ ತಾನೇ? ಮತ್ಯಾಕೆ ಕೊಡ್ತಿಲ್ಲ?"

ನಮ್ಮ ದಾಸರಹಳ್ಳಿಯ ಬೀದಿಯಲ್ಲಿ ಬಾಡಿಗೆಗಿದ್ದು, ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ ಪ್ರಶ್ನೆ ಇದು. ಮಗಳ ಪಿಯುಸಿ ಫೀಸು ಕಟ್ಟಬೇಕಿತ್ತು. ಹನ್ನೊಂದು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತು ಕೂಡಿಸಿದ ಪಿಎಫ್‌ನಲ್ಲಿ ಒಂದಿಷ್ಟು ತೆಗೆಯೋಣ ಅಂತ ಸೈಬರ್ ಸೆಂಟರಿಗೆ ಹೋಗಿದ್ದಳು. ಎಲ್ಲ ಮುಗಿದು ಕೊನೆಗೆ, "ಆಧಾರ್‌ಗೆ ಲಿಂಕ್ ಆಗಿರೋ ನಂಬರಿಗೆ ಓಟಿಪಿ ಬಂದಿರುತ್ತೆ, ಹೇಳಮ್ಮಾ" ಅಂದನಂತೆ ಅಲ್ಲಿನ ಹುಡುಗ. ಎಲ್ಲಿಂದ ಹೇಳಬೇಕು? ಆ ನಂಬರು ಸತ್ತು ಐದು ತಿಂಗಳಾಗಿತ್ತು!

ಆಗಿದ್ದಿಷ್ಟೇ. "ಆಫರ್ ಇದೆ ಅಮ್ಮಾ" ಅಂತ ಮಗ ಹೊಸ ಸೆಟ್ಟಿನ ಜೊತೆ ಹೊಸ ಸಿಮ್ಮನ್ನೂ ತನ್ನ ಹೆಸರಲ್ಲೇ ತಂದುಕೊಟ್ಟ. ಹಳೇ ಸಿಮ್ಮು ಸಾಸಿವೆ ಡಬ್ಬಿ ಸೇರಿತು. ಯಾರೂ ಕರೆನ್ಸಿ ಹಾಕಿಸಲಿಲ್ಲ, ಕಂಪನಿಯವರು ನಂಬರ್ ಬಂದ್ ಮಾಡಿದರು. ಅದನ್ನು ಕೇಳೋಣ ಅಂದ್ರೆ ಆ ಸಿಮ್ಮು ಇದ್ದದ್ದು ಮೈದುನನ ಹೆಸರಲ್ಲಿ. ಅವನು ಊರು ಸೇರಿ ಎಷ್ಟೋ ವರ್ಷ. ಕೊನೆಗೆ ಫೀಸಿಗೆ ಕೈಸಾಲವೇ ಗತಿಯಾಯಿತು.

ಹಾಗಾಗಿ ಈ ಸಲ 'ಯಾವ ಮೊಬೈಲ್ ತಗೊಳ್ಳಲಿ, ಯಾವ ಕಂಪನಿ ಸಿಮ್ ಒಳ್ಳೇದು' ಅನ್ನೋ ನಿಮ್ಮ ಮಾಮೂಲಿ ಪ್ರಶ್ನೆಗೆ ಸ್ವಲ್ಪ ಉಲ್ಟಾ ಕಡೆಯಿಂದ ಉತ್ತರ ಹೇಳ್ತೀನಿ. ಸೆಟ್ಟು ಕೊನೆಗೆ. ಮೊದಲು ನಂಬರು, ಆಮೇಲೆ ಸಿಗ್ನಲ್ಲು.

ಕಂಪನಿ ಹೋಗುತ್ತೆ, ನಂಬರ್ ಉಳಿಯುತ್ತೆ

ಸ್ಪೈಸ್ ನೆನಪಿದೆಯಾ? ನಾಯಿಮರಿಯ ಜಾಹೀರಾತಿನ ಹಚ್? 2003ರಲ್ಲಿ ಇನ್‌ಕಮಿಂಗ್ ಫ್ರೀ ಆಗೋ ತನಕ ಬಂದ ಕರೆಗೂ ದುಡ್ಡು ಕೊಡಬೇಕಲ್ಲಾ ಅಂತ ಎದೆ ಹೊಡೆದುಕೊಳ್ಳುತ್ತಿದ್ದ ಕಾಲ ಅದು. ಹಚ್ 2007ರಲ್ಲಿ ವೊಡಾಫೋನ್ ಆಯಿತು. ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡುಕೊಂಡಿತು. 2018ರಲ್ಲಿ ವೊಡಾಫೋನೂ ಐಡಿಯಾನೂ ಒಂದಾಗಿ, 2020ರಲ್ಲಿ 'ವಿ' ಅಂತ ಹೆಸರಿಟ್ಟುಕೊಂಡವು. ಸೆಕೆಂಡ್ ಲೆಕ್ಕದಲ್ಲಿ ದುಡ್ಡು ಕತ್ತರಿಸುತ್ತಾ 2009ರಲ್ಲಿ ಬಂದ ಟಾಟಾ ಡೊಕೊಮೊ 2019ರಲ್ಲಿ ಏರ್‌ಟೆಲ್ ಸೇರಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಎಲ್ಲರ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು.

ಇಷ್ಟೆಲ್ಲ ಆದರೂ, ಅಂದು ಸ್ಪೈಸ್ ಸಿಮ್ ತಗೊಂಡು ಜೋಪಾನ ಮಾಡಿಕೊಂಡವರ ನಂಬರ್ ಇವತ್ತಿಗೂ ಅದೇ! ಕಂಪನಿಯ ಹೆಸರು ಬದಲಾಗಬಹುದು, ನಮ್ಮ ನಂಬರು ನಮ್ಮ ಜೊತೆಗೇ ಬರುತ್ತದೆ. ಈಗಂತೂ ಬ್ಯಾಂಕು, ಆಧಾರ್, ಪಿಎಫ್, ಗ್ಯಾಸ್ ಬುಕಿಂಗ್, ಮಕ್ಕಳ ಸ್ಕೂಲಿನ ಮೆಸೇಜು ಎಲ್ಲಾ ಆ ಹತ್ತು ಅಂಕಿಗಳಿಗೇ ಜೋತುಬಿದ್ದಿವೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ 2,000 ರೂಪಾಯಿ ಬಂದ ಮೆಸೇಜು ಮಗನ ಫೋನಿಗೋ ಅಳಿಯನ ಫೋನಿಗೋ ಹೋಗಿ, ದುಡ್ಡು ಬಂತೋ ಇಲ್ಲವೋ ಅಂತ ತಿಳಿಯದೆ ಬ್ಯಾಂಕಿನ ಕ್ಯೂನಲ್ಲಿ ನಿಂತವರು ಎಷ್ಟು ಜನ! ಯಜಮಾನಿ ನಾವು, ಮೆಸೇಜು ಇನ್ಯಾರಿಗೋ!

ಮೂರು ಜಾಗದಲ್ಲಿ ನಿಂತು ನೋಡಿ

"ಬೆಂಗಳೂರಿಗೆ ಯಾವ ನೆಟ್‌ವರ್ಕ್ ಬೆಸ್ಟು?" ಅಂತ ಕೇಳಬೇಡಿ. ನೀವು ಇಡೀ ಬೆಂಗಳೂರಲ್ಲಿ ವಾಸ ಮಾಡಲ್ಲ, ಅಲ್ವಾ? ನಿಮ್ಮ ದಿನ ಕಳೆಯೋದು ಮೂರೇ ಜಾಗದಲ್ಲಿ: ಮನೆ, ಕೆಲಸದ ಜಾಗ, ನಡುವಿನ ದಾರಿ. ಈ ಮೂರರಲ್ಲೂ ಯಾವುದು ಚೆನ್ನಾಗಿ ಸಿಗುತ್ತೋ ಅದೇ ನಿಮಗೆ ಬೆಸ್ಟು.

ಪೀಣ್ಯದ ಶೆಡ್ಡುಗಳನ್ನೇ ನೋಡಿ. ಮೇಲೆ ಕಬ್ಬಿಣದ ಶೀಟು, ಸುತ್ತ ಮೆಷಿನ್ನು. ಲೋಹದ ಶೀಟು ಮೊಬೈಲ್ ಅಲೆಗಳನ್ನು ಒಳಗೆ ಬಿಡೋದಿಲ್ಲ. ಗೇಟಿನ ಹತ್ತಿರ ನಾಲ್ಕು ಗೆರೆ ತೋರಿಸುವ ಫೋನು ಒಳಗೆ ಹೋದರೆ ಸತ್ತ ಹಾಗೆ. ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕುಗಳ ಬೇಸ್‌ಮೆಂಟಿನದೂ ಇದೇ ಕಥೆ. ಎಲೆಕ್ಟ್ರಾನಿಕ್ ಸಿಟಿಯ ಆಚೆ ಹೆಬ್ಬಗೋಡಿ, ಬೊಮ್ಮಸಂದ್ರದಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳ ನೆಲಮಹಡಿಯಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಇನ್ನೊಂದು ವಿಷಯ. 5ಜಿ ಅಂದಕೂಡಲೇ ಗೋಡೆ ತೂರಿಕೊಂಡು ಬರುತ್ತೆ ಅಂತಲ್ಲ. 5ಜಿಗೆ ಹೆಚ್ಚಾಗಿ ಬಳಸೋದು 3,300 ಮೆಗಾಹರ್ಟ್ಸ್ ಆಸುಪಾಸಿನ ಅಲೆ. ಅದಕ್ಕೆ ವೇಗ ಜಾಸ್ತಿ, ಆದರೆ ಗೋಡೆ ದಾಟೋ ಶಕ್ತಿ 900 ಮೆಗಾಹರ್ಟ್ಸ್ ಅಲೆಗಿಂತ ಕಡಿಮೆ. ಅದಕ್ಕೇ ಬಾಲ್ಕನಿಯಲ್ಲಿ 5ಜಿ, ಬಚ್ಚಲುಮನೆ ಹತ್ತಿರ 4ಜಿ!

ಹಾಗಾದರೆ ಪರೀಕ್ಷೆ ಮಾಡೋದು ಹೇಗೆ?

* ಪಕ್ಕದ ಮನೆಯವರು, ಜೊತೆಯಲ್ಲಿ ಕೆಲಸ ಮಾಡೋರು ಬೇರೆ ಬೇರೆ ಕಂಪನಿ ಇಟ್ಟುಕೊಂಡಿರ್ತಾರೆ. ಅವರ ಫೋನಿಂದ ನಿಮ್ಮ ಅಡುಗೆಮನೆಯಲ್ಲೇ ನಿಂತು ಒಂದು ಕಾಲ್ ಮಾಡಿ ನೋಡಿ. ಅದೂ ರಾತ್ರಿ ಎಂಟರ ಹೊತ್ತಿಗೆ. ಎಲ್ಲರೂ ಮನೆಗೆ ಬಂದು ಫೋನ್ ಹಿಡಿದಿರುವಾಗಲೇ ನೆಟ್‌ವರ್ಕಿನ ಬಣ್ಣ ಬಯಲಾಗೋದು.

* ಗೆರೆಗಳನ್ನು ಪೂರ್ತಿ ನಂಬಬೇಡಿ. ಎಷ್ಟೋ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ಅಂತಿರುತ್ತದೆ. ಅಲ್ಲಿ ಸಿಗ್ನಲ್ ಮೈನಸ್ ಅಂಕಿಯಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಚೆನ್ನ, ಮೈನಸ್ 110 ದಾಟಿದರೆ ಪರದಾಟ.

* ಈಗ ಬಹುತೇಕ ಎಲ್ಲ ಸೆಟ್ಟಿಗೂ ಎರಡು ಸಿಮ್ ಹಾಕಬಹುದು. ಬದಲಾಯಿಸುವ ಮುಂಚೆ ಹೊಸ ಕಂಪನಿಯ ಸಿಮ್ಮಿಗೆ ಒಂದು ಸಣ್ಣ ಪ್ಯಾಕ್ ಹಾಕಿಸಿ ಒಂದು ತಿಂಗಳು ಸಂಸಾರ ಮಾಡಿ ನೋಡಿ. ಹೊಂದಿಕೊಂಡರೆ ಆಮೇಲೆ ಹಳೇ ನಂಬರನ್ನು ಅಲ್ಲಿಗೆ ತಗೊಂಡು ಹೋಗಿ.

* ಮನೆಯಲ್ಲಿ ವೈಫೈ ಇದ್ದು ಟವರ್ ಮಾತ್ರ ಸಿಗದಿದ್ದರೆ ಫೋನಿನಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿ. ನಿಮ್ಮ ಕಂಪನಿ, ನಿಮ್ಮ ಸೆಟ್ಟು ಎರಡೂ ಅದನ್ನು ಕೊಡುವುದಾದರೆ ಕಂಪನಿ ಬದಲಾಯಿಸುವ ತಲೆನೋವೇ ಇಲ್ಲ.

ಅತ್ತೆಯ ಕೀಪ್ಯಾಡ್ ಸೆಟ್ಟು, 28 ದಿನದ ಲೆಕ್ಕ

ಸಿಗ್ನಲ್ ಆಯಿತು, ಇನ್ನು ಖರ್ಚು. ತಿಂಗಳಿಗೆ 300 ರೂಪಾಯಿ ಪ್ಯಾಕು ಅಂದುಕೊಳ್ಳಿ. ವರ್ಷಕ್ಕೆ 3,600 ಅಂತ ಮನಸ್ಸಲ್ಲೇ ಗುಣಿಸ್ತೀವಿ. ಆದರೆ ಅದು 28 ದಿನದ ಪ್ಯಾಕ್ ಆದರೆ ವರ್ಷಕ್ಕೆ 13 ಸಲ ಹಾಕಿಸಬೇಕು, 3,900 ಆಯಿತು. ಮನೆಯಲ್ಲಿ ನಾಲ್ಕು ಫೋನಿದ್ದರೆ 1,200 ರೂಪಾಯಿ ನಮಗೆ ಗೊತ್ತೇ ಆಗದ ಹಾಗೆ ಹೋಯಿತು! ಗ್ರಾಹಕರು ಗೊಣಗಿದ್ದಕ್ಕೇ ಟ್ರಾಯ್ 2022ರಲ್ಲಿ, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಪ್ಯಾಕು ಇಡಲೇಬೇಕು ಅಂತ ಆದೇಶ ಮಾಡಿತು. ಅಂಗಡಿಯವರು ತಾವಾಗಿ ಹೇಳಲ್ಲ, ನಾವೇ ಬಾಯಿಬಿಟ್ಟು ಕೇಳಬೇಕು.

ಮನೆಯ ಹಿರಿಯರಿಗೆ ಇಂಟರ್‌ನೆಟ್ ಬೇಡವೇ ಬೇಡ, ಬರೀ ಮಾತಾಡಿದರೆ ಸಾಕು ಅನ್ನೋದಾದರೆ ಡೇಟಾ ಪ್ಯಾಕಿಗೆ ಯಾಕೆ ದುಡ್ಡು ಸುರಿಯಬೇಕು? 2024ರ ಡಿಸೆಂಬರಿನಲ್ಲಿ ಟ್ರಾಯ್ ಮಾಡಿದ ನಿಯಮದಿಂದಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕುಗಳೂ ಬಂದಿವೆ. ಆದರೆ ಒಂದು ಎಚ್ಚರ: ಜಿಯೋಗೆ 2ಜಿ ಇಲ್ಲ. ಅತ್ತೆಯವರ ಹಳೇ 2ಜಿ ಕೀಪ್ಯಾಡ್ ಸೆಟ್ಟಿಗೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡೋದಿಲ್ಲ, ಅದಕ್ಕೆ 4ಜಿ ಸೆಟ್ಟೇ ಬೇಕು. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ ಮೂರೂ ದರ ಏರಿಸಿದಾಗ ಬಿಎಸ್ಸೆನ್ನೆಲ್ ಏರಿಸಲಿಲ್ಲ ಅಂತ ಎಷ್ಟೋ ಜನ ಅತ್ತ ಓಡಿದರು. ಬಿಎಸ್ಸೆನ್ನೆಲ್ ದೇಶೀಯ 4ಜಿಯನ್ನು ಉದ್ಘಾಟಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಅಗ್ಗ ಅಂತ ಹಾರುವ ಮುಂಚೆ ಮೇಲೆ ಹೇಳಿದ ಅಡುಗೆಮನೆ ಪರೀಕ್ಷೆ ಅದಕ್ಕೂ ಮಾಡಿ.

ಈಗ ಬನ್ನಿ, ಸೆಟ್ಟಿನ ಅಂಗಡಿಗೆ

ಕೆ.ಆರ್. ಪುರದ ಪಕ್ಕದ ದೂರವಾಣಿ ನಗರಕ್ಕೆ ಆ ಹೆಸರು ಬಂದದ್ದೇ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಿಂದ. ದೇಶದ ಮನೆಮನೆಯ ಫೋನು ಅಲ್ಲಿ ತಯಾರಾಗುತ್ತಿತ್ತು. 2017ರಲ್ಲಿ ನಮ್ಮ ಪೀಣ್ಯದಲ್ಲೇ ವಿಸ್ಟ್ರಾನ್ ಕಂಪನಿ ಐಫೋನ್ ಎಸ್‌ಇ ಜೋಡಿಸಿತ್ತು. ಫೋನ್ ಮಾಡಿ ಲೋಕಕ್ಕೆ ಕೊಟ್ಟ ಊರಿನವರು ನಾವು, ಕೊಳ್ಳುವಾಗ ಯಾಕೆ ಮಂಕಾಗಬೇಕು ಹೇಳಿ?

* 'ಎಂಟು ಪ್ಲಸ್ ಎಂಟು, 16 ಜಿಬಿ ರ‍್ಯಾಮ್ ಮೇಡಂ' ಅಂದರೆ ಮರುಳಾಗಬೇಡಿ. ನಿಜವಾದ ರ‍್ಯಾಮ್ ಎಂಟೇ. ಉಳಿದ ಎಂಟು ಸ್ಟೋರೇಜಿನಿಂದ ಕಡ ತಂದದ್ದು.

* ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನೋದಕ್ಕಿಂತ ಮೊದಲು 'ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ?' ಅಂತ ಕೇಳಿ. ಬ್ಯಾಂಕಿನ ಆ್ಯಪ್ ಇರೋ ಫೋನಿಗೆ ಅದು ಮನೆಬಾಗಿಲಿನ ಚಿಲಕ ಇದ್ದ ಹಾಗೆ.

* 5ಜಿ ಸೆಟ್ಟಾದರೆ ಎನ್28, ಎನ್78 ಬ್ಯಾಂಡ್ ಎರಡೂ ಇವೆಯಾ ನೋಡಿ. ನಾಳೆ ಕಂಪನಿ ಬದಲಾಯಿಸಿದರೂ ಸೆಟ್ಟು ಬದಲಾಯಿಸಬೇಕಾಗಲ್ಲ.

* 'ನೋ ಕಾಸ್ಟ್ ಇಎಂಐ' ಅಂದರೂ ಪ್ರೊಸೆಸಿಂಗ್ ಫೀಸು, ಬಡ್ಡಿಯ ಮೇಲಿನ ಜಿಎಸ್‌ಟಿ ಅಂತ ಸೇರಬಹುದು. ಒಟ್ಟು ಎಷ್ಟು ಕಟ್ಟಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

* ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಲ್ಲೋ ಬೇರೆಲ್ಲೋ ಸೆಕೆಂಡ್ ಹ್ಯಾಂಡ್ ಕೊಳ್ಳೋದಾದರೆ *#06# ಒತ್ತಿ. 15 ಅಂಕಿಯ ಐಎಂಇಐ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆ-ವೈ-ಎಂ ಅಂತ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಸೆಟ್ಟಿನ ಜಾತಕ ಬರುತ್ತದೆ. ಬ್ಲಾಕ್ ಆದ ಸೆಟ್ಟು ಅಂತ ಬಂದರೆ ಎಷ್ಟೇ ಅಗ್ಗವಾದರೂ ಬೇಡ. ಬಿಲ್ಲು ಮಾತ್ರ ಬಿಡಬೇಡಿ.

ನಂಬರ್ ಬಿಡದೆ ಕಂಪನಿ ಬಿಡುವುದು

2011ರ ಜನವರಿಯಿಂದ ದೇಶದಾದ್ಯಂತ ಈ ಸೌಲಭ್ಯ ಇದ್ದರೂ ನಮ್ಮಲ್ಲಿ ಎಷ್ಟೋ ಜನ ಇನ್ನೂ ಹೊಸ ಸಿಮ್ ಕೊಂಡು ಹಳೇದನ್ನು ಬಿಸಾಡ್ತಾರೆ. ಹಾಗೆ ಮಾಡಬೇಡಿ. ಇಂಗ್ಲಿಷ್‌ನಲ್ಲಿ 'ಪೋರ್ಟ್' ಅಂತ ಬರೆದು, ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ, ಅದೇ ನಂಬರಿನಿಂದ 1900ಕ್ಕೆ ಕಳಿಸಿ. ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತದೆ, ಅದರ ಆಯಸ್ಸು ನಾಲ್ಕು ದಿನ. ಅಷ್ಟರೊಳಗೆ ಆಧಾರ್ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ. ಕರ್ನಾಟಕದೊಳಗಿನ ಬದಲಾವಣೆಗೆ ಮೂರು ಕೆಲಸದ ದಿನ. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಂದು ನೆಲೆಸಿ, ತಮಿಳುನಾಡಿನ ನಂಬರನ್ನು ಇಲ್ಲಿಯದಾಗಿ ಮಾಡಿಕೊಳ್ಳೋರಿಗೆ ಐದು ದಿನ. ಪೋಸ್ಟ್‌ಪೇಯ್ಡ್ ಬಾಕಿ ತೀರಿಸಿರಬೇಕು, ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಫೀಸು ಕಟ್ಟುವ ವಾರ, ಆಸ್ಪತ್ರೆಯ ಓಡಾಟದ ವಾರ ಈ ಕೆಲಸಕ್ಕೆ ಕೈ ಹಾಕಬೇಡಿ. ಸಿಮ್ ಬದಲಾಗುವಾಗ ಒಂದಷ್ಟು ಹೊತ್ತು ಫೋನ್ ಬಂದ್ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯ, ನಂಬರ್ ನಿಮ್ಮ ಹೆಸರಲ್ಲಿರಬೇಕು. ಗಂಡನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇದ್ದರೆ ಇಬ್ಬರೂ ಒಟ್ಟಿಗೆ ಕಂಪನಿಯ ಮಳಿಗೆಗೆ ಹೋಗಿ ಮೊದಲು ಹೆಸರು ಬದಲಾಯಿಸಿಕೊಳ್ಳಿ, ಆಮೇಲೆ ಪೋರ್ಟ್. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಬಹುದು. ನಿಮಗೇ ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಿ. ಬಳಸದ ಸಿಮ್ಮನ್ನು ಡಬ್ಬಿಯಲ್ಲಿ ಮಲಗಿಸಬೇಡಿ. 90 ದಿನ ಕರೆ, ಮೆಸೇಜು, ಡೇಟಾ ಯಾವುದೂ ಇಲ್ಲದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಆಮೇಲೆ ಆ ನಂಬರ್ ಇನ್ಯಾರದೋ ಕೈ ಸೇರಿ, ನಿಮ್ಮ ಬ್ಯಾಂಕಿನ ಮೆಸೇಜು ಅವರಿಗೆ ಹೋದರೆ?

'ನಮ್ಮೋರ ಹೆಸರಲ್ಲಿದ್ದರೆ ಏನೀಗ, ನಮ್ಮೋರೇ ತಾನೇ?' ಅಂತೀರಾ? ನಮ್ಮೋರೇ, ಇಲ್ಲ ಅಂದವರ‍್ಯಾರು! ಆದರೆ ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ನಮ್ಮ ಹೆಸರಲ್ಲಿ ಬೇಕು ಅಂತ ಕೇಳ್ತೀವಿ. ಅವುಗಳ ಬೀಗದಕೈ ಮಾತ್ರ ಇನ್ನೊಬ್ಬರ ಜೇಬಲ್ಲಿ ಇರಬೇಕಾ?

ಅಂದಹಾಗೆ ನಮ್ಮ ಬೀದಿಯ ಆ ತಾಯಿಯ ಕಥೆ ಏನಾಯಿತು ಅಂತೀರಾ? ಅರ್ಧ ದಿನದ ಸಂಬಳ ಕಳಕೊಂಡು ಮಗನನ್ನೂ ಕರೆದುಕೊಂಡು ಹೋಗಿ ಹೊಸ ನಂಬರನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಇನ್ನರ್ಧ ದಿನ ಆಧಾರ್ ಕೇಂದ್ರದಲ್ಲಿ ಬೆರಳು ಒತ್ತಿ ಅದನ್ನು ಲಿಂಕ್ ಮಾಡಿಸಿದಳು. ಪಿಎಫ್ ದುಡ್ಡು ಬಂತು, ಕೈಸಾಲ ಬಡ್ಡಿ ಸಮೇತ ತೀರಿತು. ಮೊನ್ನೆ ದಾರಿಯಲ್ಲಿ ಸಿಕ್ಕವಳು ಫೋನ್ ಎತ್ತಿ ತೋರಿಸಿ, "ಅಕ್ಕಾ, ಸೆಟ್ಟು ಹಳೇದೇ. ಆದರೆ ನಂಬರ್ ನಂದು" ಅಂತ ನಕ್ಕಳು.

ನಿಮ್ಮ ನಂಬರ್ ಯಾರ ಹೆಸರಲ್ಲಿದೆ? ಇವತ್ತೇ ನೋಡಿಕೊಳ್ತೀರಲ್ಲಾ?